ದಂಗೆ ಏಳದ ದಂಡು

(ಒಂದು ವಾಚನಾಲಯದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಪದದಿಂದ ಶುರು ಮಾಡುತ್ತೇನೆ. ‘ಹೊಡಿ’ ಅನ್ನುವ ಪದ. ಕಲ್ಲು ಹೊಡಿ ಅನ್ನುತ್ತೇವಲ್ಲ, ಆ ಹೊಡಿ.

ಕ್ರಿ.ಪೂ. 241. ಆಫ್ರಿಕದ ಉತ್ತರ ಕರಾವಳಿ, ಈಗಿನ ಟ್ಯುನೀಷಿಯಾ. ಅಲ್ಲಿ ಕಾರ್ತೇಜ್ ಎಂಬ ದೊಡ್ಡ ವ್ಯಾಪಾರದ ಪಟ್ಟಣವಿತ್ತು. ಸಿಸಿಲಿ ದ್ವೀಪಕ್ಕಾಗಿ ರೋಮ್ ಜತೆ 23 ವರ್ಷ ಕಾದಾಡಿ, ಸೋತು, ಸುಸ್ತಾಗಿ ಕೂತಿತ್ತು. ಅದರ ದಂಡಿನಲ್ಲಿ ಪಟ್ಟಣದ ಮಕ್ಕಳು ಕಮ್ಮಿ. ಜಾಸ್ತಿ ಜನ ಸಂಬಳಕ್ಕೆ ಬಂದವರು. ಸ್ಪೇನಿನ ಐಬೀರಿಯನ್ನರು, ಉತ್ತರದ ಕೆಲ್ಟರು, ಲಿಗೂರಿಯದ ಬೆಟ್ಟದ ಜನ, ಬಲಿಯಾರಿಕ್ ದ್ವೀಪಗಳ ಕವಣೆಗಾರರು, ಗ್ರೀಕರು. ಎಲ್ಲರಿಗಿಂತ ಜಾಸ್ತಿ ಆಫ್ರಿಕದ ಲಿಬಿಯನ್ನರು. ಯುದ್ಧ ಮುಗಿಯಿತು, ಸಂಬಳದ ಬಾಕಿ ಹಾಗೇ ಉಳಿಯಿತು.

ಸಿಸಿಲಿಯಲ್ಲಿದ್ದ ಗಿಸ್ಕೊ ಎಂಬ ಅಧಿಕಾರಿ ಬುದ್ಧಿವಂತ. ಎಲ್ಲರನ್ನೂ ಒಟ್ಟಿಗೆ ಕಳಿಸದೆ, ಸ್ವಲ್ಪ ಸ್ವಲ್ಪ ಜನರನ್ನು ಹಡಗು ಹತ್ತಿಸಿದ. ಬಂದ ತಂಡಕ್ಕೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಲಿ, ಆಮೇಲೆ ಮುಂದಿನ ತಂಡ ಬರಲಿ ಅನ್ನುವುದು ಅವನ ಯೋಚನೆ. ಆದರೆ ಪಟ್ಟಣದ ಹಿರಿಯರು ಬೇರೆಯೇ ಲೆಕ್ಕ ಹಾಕಿದರು. ಎಲ್ಲರೂ ಬಂದು ಸೇರಲಿ, ಆಗ ಒಟ್ಟಿಗೆ ಕೂರಿಸಿ ಚೌಕಾಸಿ ಮಾಡೋಣ ಅಂದರು. ತಲೆಗೊಂದು ಚಿನ್ನದ ನಾಣ್ಯ ಕೊಟ್ಟು, ಹೆಂಡತಿ ಮಕ್ಕಳ ಸಮೇತ ಎಲ್ಲರನ್ನೂ ಸಿಕ್ಕಾ ಎಂಬ ಊರಿಗೆ ಸಾಗಹಾಕಿದರು.

ಕೆಲಸವಿಲ್ಲದೆ ಕೂತ ಸೈನಿಕ ಏನು ಮಾಡುತ್ತಾನೆ? ತನಗೆ ಬರಬೇಕಾದ ಬಾಕಿ ಎಣಿಸುತ್ತಾನೆ. ಎಣಿಸಿದ ಹಾಗೆಲ್ಲ ಅದು ಬೆಳೆಯುತ್ತದೆ. ಅಂಥ ಹೊತ್ತಿನಲ್ಲಿ ಹ್ಯಾನೊ ಎಂಬ ಅಧಿಕಾರಿ ಬಂದು, ಖಜಾನೆ ಖಾಲಿ, ಸ್ವಲ್ಪ ಬಿಟ್ಟುಕೊಡಿ ಅಂದ. ಈ ಮಾತನ್ನು ಅಷ್ಟೂ ಜನರಿಗೆ ಮುಟ್ಟಿಸುವುದು ಹೇಗೆ? ಎಲ್ಲರಿಗೂ ಬರುವ ಒಂದು ಭಾಷೆಯೇ ಇರಲಿಲ್ಲ. ದುಬಾಷಿಗಳನ್ನು ಇಟ್ಟುಕೊಂಡು ಅದೇ ಮಾತನ್ನು ನಾಲ್ಕೈದು ಸಲ ಹೇಳಿಸಬೇಕು. ಇಲ್ಲವೇ ತುಕಡಿಯ ನಾಯಕರ ಬಾಯಲ್ಲಿ ಹೇಳಿಸಬೇಕು. ಆ ನಾಯಕರು ಕೆಲವರು ತಪ್ಪಾಗಿ ತಿಳಿದುಕೊಂಡರು, ಕೆಲವರು ಬೇಕೆಂದೇ ತಪ್ಪು ಹೇಳಿದರು. 20,000ಕ್ಕೂ ಹೆಚ್ಚು ಜನ ಎದ್ದು ಹೊರಟು, ಕಾರ್ತೇಜ್ ಪಕ್ಕದ ಟ್ಯೂನಿಸ್‌ನಲ್ಲಿ ಬಿಡಾರ ಹೂಡಿದರು.

ಅಲ್ಲಿ ದಿನಾ ಸಭೆ. ಯಾರಾದರೂ ಸಮಾಧಾನ ಹೇಳಲು ಎದ್ದು ನಿಂತರೆ ಕಲ್ಲು ಬೀಳುತ್ತಿತ್ತು. ಅವನು ಪರವೋ ವಿರೋಧವೋ ಅಂತ ಕೇಳುವಷ್ಟೂ ತಾಳ್ಮೆ ಇರಲಿಲ್ಲ. ಊಟದ ಜತೆ ಕುಡಿತವೂ ಸೇರಿದ್ದರೆ ಇನ್ನೂ ಜಾಸ್ತಿ. ಇದನ್ನು ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್. ಆ ಬಿಡಾರದಲ್ಲಿ ಎಲ್ಲರಿಗೂ ಅರ್ಥವಾಗುತ್ತಿದ್ದ ಪದ ಒಂದೇ ಅಂತ ಅವನು ಹೇಳುತ್ತಾನೆ. ‘ಹೊಡಿ’. ದಿನವೂ ಅದೇ ನಡೆಯುತ್ತಿದ್ದರಿಂದ ಎಲ್ಲರೂ ಕಲಿತುಬಿಟ್ಟಿದ್ದರು.

ಈ ಸಾಲು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಹತ್ತಾರು ನಾಡಿನ ಜನ ವರ್ಷಗಟ್ಟಲೆ ಒಂದೇ ಬಾವುಟದಡಿ ಕಾದಾಡಿದ್ದಾರೆ. ಕೊನೆಗೆ ಅವರ ನಡುವೆ ಉಳಿದ ಮಾತು ಅದೊಂದು.

ಮುಂದೆ ನಡೆದದ್ದು ಘೋರ. ಸಂಬಳ ಹಂಚಲು ಬಂದ ಅದೇ ಗಿಸ್ಕೊನನ್ನು ಸೆರೆ ಹಿಡಿದರು. ಆಮೇಲೆ ಅವನನ್ನೂ, ಜತೆಗಿದ್ದ ಸುಮಾರು 700 ಜನರನ್ನೂ ಕೈಕಾಲು ಕಡಿದು ಕೊಂದರು. ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಆ ದಂಗೆಯನ್ನು ಕೊನೆಗೆ ಅಡಗಿಸಿದವರಲ್ಲಿ ಮುಖ್ಯನಾದವನು ಕಾರ್ತೇಜಿನ ದಂಡನಾಯಕ ಹ್ಯಾಮಿಲ್ಕಾರ್ ಬಾರ್ಕಾ. ಅವನೂ ಅಷ್ಟೇ ಕ್ರೂರವಾಗಿ ಅಡಗಿಸಿದ, ಸೆರೆ ಸಿಕ್ಕವರನ್ನು ಆನೆ ಕಾಲಿಗೆ ಹಾಕಿಸಿದ. ಕ್ರಿ.ಪೂ. 237ರಲ್ಲಿ ಹೊಸ ದಂಡು ಕಟ್ಟಲು ಸ್ಪೇನಿಗೆ ಹೊರಟ. ಜತೆಗೆ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಹೋದ.

ಆ ಹುಡುಗನೇ ಹ್ಯಾನಿಬಲ್.

ಹ್ಯಾನಿಬಲ್ ಅಂದ ಕೂಡಲೇ ಎಲ್ಲರೂ ಹೇಳುವುದು ಎರಡು ವಿಷಯ. ಆನೆಗಳ ಜತೆ ಆಲ್ಪ್ಸ್ ಪರ್ವತ ದಾಟಿದ್ದು, ಕಾನೆ ಎಂಬಲ್ಲಿ ರೋಮ್ ದಂಡನ್ನು ಸುತ್ತುವರಿದು ಮುಗಿಸಿದ್ದು. ಎರಡೂ ದೊಡ್ಡವೇ. ಆದರೆ ನನಗೆ ಅವನ ದೊಡ್ಡತನ ಕಾಣುವುದು ಬೇರೆ ಕಡೆ. ಅವನ ದಂಡೂ ಆ ಟ್ಯೂನಿಸ್ ಬಿಡಾರದ ಹಾಗೇ ಕಲಸುಮೇಲೋಗರ. ಪಾಲಿಬಿಯಸ್ ಪಟ್ಟಿ ಕೊಡುತ್ತಾನೆ: ಲಿಬಿಯನ್ನರು, ಐಬೀರಿಯನ್ನರು, ಲಿಗೂರಿಯನ್ನರು, ಕೆಲ್ಟರು, ಫಿನೀಷಿಯನ್ನರು, ಇಟಲಿಯವರು, ಗ್ರೀಕರು. ಕಾನೂನು ಒಂದಲ್ಲ, ಪದ್ಧತಿ ಒಂದಲ್ಲ, ಭಾಷೆ ಒಂದಲ್ಲ. ಇಂಥ ದಂಡನ್ನು ಕ್ರಿ.ಪೂ. 218ರಿಂದ 203ರವರೆಗೆ ಶತ್ರುವಾದ ರೋಮಿನ ನೆಲದಲ್ಲಿ, ಇಟಲಿಯಲ್ಲಿ, ಇಟ್ಟುಕೊಂಡು ಅವನು ಬದುಕಿದ. ಪಾಲಿಬಿಯಸ್ ಲೆಕ್ಕದಲ್ಲಿ ಇದು 16 ವರ್ಷ. ಅಷ್ಟೂ ಕಾಲದಲ್ಲಿ ಒಂದು ಸಲವೂ ಆ ದಂಡು ಅವನ ಮೇಲೆ ತಿರುಗಿ ಬೀಳಲಿಲ್ಲ.

ಇದು ಎಷ್ಟು ಅಪರೂಪ ಅಂತ ಗೊತ್ತಾಗಬೇಕಾದರೆ ಉಳಿದ ದಂಡನಾಯಕರನ್ನು ನೋಡಿ. ಅಲೆಕ್ಸಾಂಡರ್‌ಗಿಂತ ದೊಡ್ಡ ಹೆಸರು ಉಂಟೇ? ಅವನ ಸ್ವಂತ ನಾಡಿನ ಸೈನಿಕರೇ ಕ್ರಿ.ಪೂ. 326ರಲ್ಲಿ ನಮ್ಮ ಪಂಜಾಬಿನ ಬಿಯಾಸ್ ನದಿ ದಡದಲ್ಲಿ, ಇನ್ನು ಮುಂದೆ ಒಂದು ಹೆಜ್ಜೆ ಇಡುವುದಿಲ್ಲ ಅಂದರು. ಅವನು ಮೂರು ದಿನ ಡೇರೆಯೊಳಗೆ ಮುನಿಸಿಕೊಂಡು ಕೂತು, ಕೊನೆಗೆ ಹಿಂದಿರುಗಿದ. ಎರಡು ವರ್ಷದ ಮೇಲೆ ಓಪಿಸ್‌ನಲ್ಲಿ ಮತ್ತೆ ಗಲಾಟೆ. ಹ್ಯಾನಿಬಲ್‌ನನ್ನು ಕೊನೆಗೆ ಸೋಲಿಸಿದ ರೋಮಿನ ದಂಡನಾಯಕ ಸಿಪಿಯೊ ಕತೆಯೂ ಅಷ್ಟೇ. ಕ್ರಿ.ಪೂ. 206ರಲ್ಲಿ ಸ್ಪೇನಿನ ಸುಕ್ರೊ ಬಿಡಾರದಲ್ಲಿ ಅವನ 8,000 ಸೈನಿಕರು ದಂಗೆ ಎದ್ದರು. ಕಾರಣ ಮತ್ತೆ ಅದೇ, ಸಂಬಳ ತಡವಾಗಿತ್ತು. 35 ಮುಖಂಡರ ತಲೆ ತೆಗೆದ ಮೇಲೆ ತಣ್ಣಗಾಯಿತು. ಮುಂದೆ ಸೀಸರನ ದಂಡೂ ದಂಗೆ ಎದ್ದಿತು. ಇವರೆಲ್ಲರ ಸೈನಿಕರು ಬಹುಪಾಲು ತಮ್ಮ ನಾಯಕನ ಭಾಷೆಯನ್ನೇ ಆಡುವವರು.

ಹಾಗಾದರೆ ಹ್ಯಾನಿಬಲ್ ಮಾಡಿದ್ದೇನು? ನನಗೆ ತೋಚುವುದು ಇದು. ಸೈನಿಕನಿಗೆ ಮಾತಿನಲ್ಲಿ ಹೇಳಲಾಗದ್ದನ್ನು ಅವನು ಕಣ್ಣಿಗೆ ಕಾಣುವ ಹಾಗೆ, ಹೊಟ್ಟೆಗೆ ತಿಳಿಯುವ ಹಾಗೆ ಹೇಳಿದ.

ಸ್ಪೇನಿನಿಂದ ಇಟಲಿಗೆ ಹೊರಡುವ ಮುಂಚೆಯೇ ನೋಡಿ. ಕ್ರಿ.ಪೂ. 219ರಲ್ಲಿ ಸ್ಪೇನಿನ ಸಗುಂಟಮ್ ಪಟ್ಟಣವನ್ನು ಎಂಟು ತಿಂಗಳು ಮುತ್ತಿಗೆ ಹಾಕಿ ಗೆದ್ದ. ಗೋಡೆ ಹತ್ತಿರ ನಿಂತಿದ್ದಾಗ ಅವನ ತೊಡೆಗೇ ಈಟಿ ಬಿದ್ದಿತ್ತು. ಗೆದ್ದ ಮೇಲೆ ಚಳಿಗಾಲಕ್ಕೆ ಐಬೀರಿಯದ ಸೈನಿಕರನ್ನು ರಜೆ ಕೊಟ್ಟು ಮನೆಗೆ ಕಳಿಸಿದ. ಮುಂದೆ ದೂರದ ಪಯಣವಿದೆ, ಹೆಂಡತಿ ಮಕ್ಕಳನ್ನು ನೋಡಿಕೊಂಡು ಬನ್ನಿ ಅಂತ. ವಸಂತಕ್ಕೆ ಅವರು ತಿರುಗಿ ಬಂದರು.

ದಾರಿಯಲ್ಲಿ ಇನ್ನೊಂದು ನಡೆಯಿತು. ಪಿರೆನೀಸ್ ಬೆಟ್ಟಗಳ ಹತ್ತಿರ ಕಾರ್ಪೆಟಾನಿ ಎಂಬ ಪಂಗಡದ 3,000 ಜನ ದಂಡು ಬಿಟ್ಟು ಊರ ಕಡೆ ನಡೆದರು. ಬೇರೆಯವರಾಗಿದ್ದರೆ ಅಟ್ಟಿಸಿಕೊಂಡು ಹೋಗಿ ಕೊಲ್ಲಿಸುತ್ತಿದ್ದರು. ಹ್ಯಾನಿಬಲ್ ತಾನೇ ಕಳಿಸಿದವನ ಹಾಗೆ ಸುಮ್ಮನಿದ್ದ. ಅಷ್ಟೇ ಅಲ್ಲ, ಮನಸ್ಸಿಲ್ಲದೆ ಬರುತ್ತಿದ್ದಾರೆ ಅಂತ ಅವನಿಗೆ ಅನಿಸಿದ ಇನ್ನೂ 7,000 ಜನರನ್ನು ಮನೆಗೆ ಹೋಗಿ ಅಂದ. ದೊಡ್ಡ ಯುದ್ಧಕ್ಕೆ ಹೊರಟವನು ಹೀಗೆ 10,000 ಜನರನ್ನು ಬಿಟ್ಟುಕೊಡಬೇಕಾದರೆ ಎಂಥ ಗಟ್ಟಿ ಗುಂಡಿಗೆ ಇರಬೇಕು, ಅಲ್ವಾ? ಉಳಿದವರಿಗೆ ತಾವು ಸೆರೆಯಾಳುಗಳಲ್ಲ ಅಂತ ತಿಳಿಯಿತು. ದುಬಾಷಿ ಬೇಕಾಗಲಿಲ್ಲ.

ಆನೆಗಳ ವಿಷಯ ಬಿಟ್ಟರೆ ನೀವು ಬಿಡುವುದಿಲ್ಲ, ನನಗೂ ಬಿಡಲು ಇಷ್ಟವಿಲ್ಲ. ರೋನ್ ನದಿ ದಾಟುವಾಗ 37 ಆನೆಗಳಿದ್ದವು. ಆನೆ ತೆಪ್ಪ ಹತ್ತಲು ಒಪ್ಪಲಿಲ್ಲ. ಅದಕ್ಕೆ ದಡದಿಂದ ನೀರಿನೊಳಕ್ಕೆ ತೆಪ್ಪಗಳ ಸಾಲು ಕಟ್ಟಿ, ಮೇಲೆ ಮಣ್ಣು ಹರಡಿದರು, ನೆಲವೇ ಮುಂದುವರಿದ ಹಾಗೆ ಕಾಣಲಿ ಅಂತ. ಎರಡು ಹೆಣ್ಣಾನೆಗಳನ್ನು ಮುಂದೆ ಬಿಟ್ಟರು, ಉಳಿದವು ಹಿಂದೆ ಬಂದವು. ಕೊನೆಯ ತೆಪ್ಪ ಬಿಚ್ಚಿ ನೀರಿಗೆ ಎಳೆದಾಗ ಕೆಲವು ಹೆದರಿ ನದಿಗೆ ಬಿದ್ದವು. ಸೊಂಡಿಲು ಮೇಲೆತ್ತಿ ಉಸಿರಾಡುತ್ತಾ ಅವು ದಡ ಸೇರಿದವು. ಅವುಗಳ ಮಾವುತರು ಮುಳುಗಿ ಸತ್ತರು. ಇಲ್ಲಿ ಪಾಲಿಬಿಯಸ್ ಮಾವುತರಿಗೆ ಬಳಸುವ ಪದ ಏನು ಗೊತ್ತೇ? ‘ಇಂಡೊಯ್’. ಅಂದರೆ ‘ಇಂಡಿಯದವರು’. ಅವರೆಲ್ಲ ನಮ್ಮ ದೇಶದಿಂದ ಹೋದವರು ಅಂತ ಇದರ ಅರ್ಥವಲ್ಲ. ಅಲೆಕ್ಸಾಂಡರ್ ಕಾಲದಿಂದ ಗ್ರೀಕರಿಗೆ ಆನೆ ಪಳಗಿಸುವ ವಿದ್ಯೆ ಭಾರತದ ಜತೆ ಅಂಟಿಕೊಂಡಿತ್ತು. ಹಾಗಾಗಿ ಮಾವುತ ಎಲ್ಲಿಯವನಾದರೂ ಅವನ ಕಸುಬಿನ ಹೆಸರು ‘ಇಂಡಿಯದವನು’ ಅಂತಲೇ ಆಯಿತು. ನಮ್ಮ ಕಡೆಯ ಯಾವುದೋ ಮಾವುತರ ಕೈಚಳಕ ಅಷ್ಟು ದೂರದ ಭಾಷೆಯಲ್ಲಿ ಒಂದು ಪದವಾಗಿ ಕೂತಿದೆ. ಇದನ್ನು ಮೊದಲು ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಕವಣೆಗಾರರ ಬಗ್ಗೆಯೂ ಒಂದು ಮಾತು. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಬಲಿಯಾರಿಕ್ ದ್ವೀಪದ ತಾಯಂದಿರು ಕೋಲಿನ ಮೇಲೆ ರೊಟ್ಟಿ ಇಟ್ಟು, ಮಗ ಅದಕ್ಕೆ ಗುರಿ ಇಟ್ಟು ಕಲ್ಲು ಹೊಡೆಯುವ ತನಕ ಅದನ್ನು ತಿನ್ನಲು ಬಿಡುತ್ತಿರಲಿಲ್ಲವಂತೆ. ಹಾಗೆ ಬೆಳೆದವರು ಒಬ್ಬೊಬ್ಬರೂ ಮೂರು ಅಳತೆಯ ಕವಣೆ ಇಟ್ಟುಕೊಂಡಿರುತ್ತಿದ್ದರು. ಇಂಥವರನ್ನು ಈಟಿ ಹಿಡಿಸಿ ಸಾಲಿನಲ್ಲಿ ನಿಲ್ಲಿಸಲು ಹ್ಯಾನಿಬಲ್ ಹೋಗಲಿಲ್ಲ. ಯಾರಿಗೆ ಯಾವ ಕೆಲಸ ಹುಟ್ಟಿನಿಂದ ಬಂದಿದೆಯೋ ಅದನ್ನೇ ಮಾಡಿಸಿದ. ಉತ್ತರ ಆಫ್ರಿಕದ ನುಮಿಡಿಯ ಎಂಬ ನಾಡಿನ ಸವಾರರು ಕಡಿವಾಣವೇ ಇಲ್ಲದೆ ಕುದುರೆ ಓಡಿಸುವವರು. ಅವರಿಗೂ ಅಷ್ಟೇ.

ಆಲ್ಪ್ಸ್ ದಾಟಲು 15 ದಿನ ಹಿಡಿಯಿತು. ಅದರ ಬೆಲೆಯನ್ನು ಮುಚ್ಚಿಡಬಾರದು. ಪಿರೆನೀಸ್ ದಾಟುವಾಗ 50,000 ಕಾಲಾಳು, 9,000 ಕುದುರೆ ಸವಾರರಿದ್ದರು. ಇಟಲಿಯ ಬಯಲಿಗೆ ಇಳಿದಾಗ ಉಳಿದದ್ದು 20,000 ಕಾಲಾಳು, 6,000 ಸವಾರರು. ಅರ್ಧಕ್ಕಿಂತ ಜಾಸ್ತಿ ಜನ ದಾರಿಯಲ್ಲೇ ಹೋದರು. ಉಳಿದವರೂ ಹಸಿವಿನಿಂದ, ಚಳಿಯಿಂದ ಮನುಷ್ಯರ ಹಾಗೆ ಕಾಣುತ್ತಿರಲಿಲ್ಲ.

ಇಂಥವರಿಗೆ ಏನಂತ ಭಾಷಣ ಮಾಡುವುದು? ಅದೂ ಎಷ್ಟು ಭಾಷೆಯಲ್ಲಿ? ಅವನು ಎಲ್ಲರನ್ನೂ ಒಟ್ಟು ಸೇರಿಸಿ, ಬೆಟ್ಟದಲ್ಲಿ ಸೆರೆ ಸಿಕ್ಕ ಹುಡುಗರನ್ನು ನಡುವೆ ತಂದು ನಿಲ್ಲಿಸಿದ. ಮೈತುಂಬ ಬಾಸುಂಡೆ, ಕೈಕಾಲಿಗೆ ಕೋಳ, ಹೊಟ್ಟೆಗಿಲ್ಲ. ಅವರ ಮುಂದೆ ಒಳ್ಳೆಯ ಆಯುಧ, ಬಟ್ಟೆ, ಕುದುರೆ ಇಟ್ಟು, ಇಬ್ಬರು ಕಾದಾಡಬೇಕು, ಗೆದ್ದವನಿಗೆ ಇದೆಲ್ಲ, ಸೋತವನಿಗೆ ಸಾವು, ಯಾರು ಬರುತ್ತೀರಿ ಅಂತ ಕೇಳಿಸಿದ. ಎಲ್ಲರೂ ನಾನು ನಾನು ಅಂದರು. ಚೀಟಿ ಎತ್ತಿದರು. ಚೀಟಿ ಬಾರದವರು ಅತ್ತರು. ಕಾಳಗ ಮುಗಿದ ಮೇಲೆ ಉಳಿದ ಸೆರೆಯಾಳುಗಳು ಗೆದ್ದವನನ್ನು ಮಾತ್ರವಲ್ಲ, ಸತ್ತವನನ್ನೂ ಪುಣ್ಯವಂತ ಅಂದರು. ಅವನ ಕಷ್ಟವಾದರೂ ಮುಗಿಯಿತಲ್ಲ ಅಂತ. ನೋಡುತ್ತಿದ್ದ ದಂಡಿಗೂ ಹಾಗೇ ಅನಿಸಿತು. ಆಗ ಹ್ಯಾನಿಬಲ್, ನಮ್ಮ ಸ್ಥಿತಿಯೂ ಇದೇ ಅಂದ. ಗೆಲುವು, ಇಲ್ಲವೇ ಸಾವು. ಬದುಕಿ ಸೆರೆ ಸಿಕ್ಕುವುದೇ ಎಲ್ಲಕ್ಕಿಂತ ಕೆಟ್ಟದ್ದು. ಕ್ರೂರವಾದ ಪಾಠ. ಆ ಇಬ್ಬರು ಹುಡುಗರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆದರೆ ಅಲ್ಲಿದ್ದ ಒಬ್ಬನಿಗೂ ಅದು ಅರ್ಥವಾಗದೆ ಇರಲಿಲ್ಲ.

ಕ್ರಿ.ಪೂ. 218ರ ಡಿಸೆಂಬರ್. ಇಟಲಿಯ ಟ್ರೆಬಿಯಾ ನದಿ. ಹಿಮ ಬೀಳುತ್ತಿದೆ. ಬೆಳಗಿನ ಜಾವ ಹ್ಯಾನಿಬಲ್ ತನ್ನ ನುಮಿಡಿಯ ಸವಾರರನ್ನು ರೋಮನ್ನರ ಬಿಡಾರಕ್ಕೆ ಕಳಿಸಿ ಕೆಣಕಿಸಿದ. ರೋಮನ್ನರು ತಿಂಡಿ ಸಹ ತಿನ್ನದೆ ಎದ್ದು ಬಂದರು. ಎದೆಮಟ್ಟದ ಕೊರೆಯುವ ನೀರಿನಲ್ಲಿ ನದಿ ದಾಟಿದರು. ಈ ಕಡೆ ಹ್ಯಾನಿಬಲ್‌ನ ಸೈನಿಕರು ಆಗಲೇ ಉಂಡು, ಡೇರೆಗಳ ಮುಂದೆ ಬೆಂಕಿ ಹಾಕಿಕೊಂಡು, ಮೈಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಈ ಚಿತ್ರವನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಳ್ಳಿ. ಬಿಸಿಲಿನ ನಾಡಿನ ಲಿಬಿಯನ್ ಒಬ್ಬ, ಬೆಂಕಿಗೆ ಬೆನ್ನು ಕೊಟ್ಟು, ಬೆಚ್ಚಗಿನ ಎಣ್ಣೆಯನ್ನು ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದಾನೆ. ನಾಯಕ ನನ್ನ ಬಗ್ಗೆ ಯೋಚಿಸಿದ್ದಾನೆ ಅಂತ ಅವನ ಮೈಗೇ ಗೊತ್ತಾಗುತ್ತಿದೆ. ಆ ದಿನದ ಗೆಲುವಿನಲ್ಲಿ ಹೊಂಚು ಹಾಕಿ ಕೂತ ಅವನ ತಮ್ಮ ಮಾಗೊನ 2,000 ಜನರ ಪಾಲು ಎಷ್ಟೋ, ಆ ಎಣ್ಣೆ, ಆ ಊಟದ ಪಾಲೂ ಅಷ್ಟೇ ಅಂತ ನಾನು ಹೇಳುತ್ತೇನೆ.

ಮುಂದಿನ ವಸಂತದಲ್ಲಿ ಆರ್ನೊ ನದಿಯ ಜೌಗು. ನಾಲ್ಕು ದಿನ, ಮೂರು ರಾತ್ರಿ ನೀರಿನಲ್ಲೇ ನಡಿಗೆ. ಮಲಗಲು ಒಣ ಜಾಗವಿಲ್ಲ. ಸತ್ತ ಹೇರುಪ್ರಾಣಿಗಳ ಮೈಮೇಲೆ ಒರಗಿ ಕಣ್ಣು ಮುಚ್ಚಿದರು. ನಂಬಿಕೆ ಇನ್ನೂ ಗಟ್ಟಿಯಾಗದ ಕೆಲ್ಟರನ್ನು ಅವನು ನಡುವೆ ನಡೆಸಿದ. ಅವರು ಹಿಂದೆ ತಿರುಗದ ಹಾಗೆ ತಮ್ಮ ಮಾಗೊನನ್ನು ಸವಾರರ ಜತೆ ಬೆನ್ನಿಗೆ ಇಟ್ಟ. ಕುರುಡು ನಂಬಿಕೆಯವನಲ್ಲ ಅವನು. ಆ ಜೌಗಿನಲ್ಲಿ ಹ್ಯಾನಿಬಲ್‌ಗೂ ಕಣ್ಣು ಬೇನೆ ಬಂತು. ನಿಂತು ಔಷಧಿ ಮಾಡಿಸಿಕೊಳ್ಳಲು ಸಮಯವಿರಲಿಲ್ಲ. ಉಳಿದಿದ್ದ ಒಂದೇ ಆನೆಯ ಮೇಲೆ ಕೂತು ಸಾಗಿದ, ಒಂದು ಕಣ್ಣು ಹೋಯಿತು. ಕಾವಲುಗಾರರ ನಡುವೆ ಕಂಬಳಿ ಹೊದ್ದು ನೆಲದ ಮೇಲೆ ಮಲಗಿರುತ್ತಿದ್ದ ಅಂತ ಅವನ ಬಗ್ಗೆ ಬರೆದವನು ರೋಮನ್ ಇತಿಹಾಸಕಾರ ಲಿವಿ. ಹ್ಯಾನಿಬಲ್‌ನನ್ನು ಕ್ರೂರಿ, ಮಾತಿಗೆ ತಪ್ಪುವವನು ಅಂತ ಬೈದವನೂ ಅವನೇ. ಬೈಯುವವನೇ ಇದನ್ನೂ ಬರೆದಿದ್ದಾನೆ ಅನ್ನುವುದು ಮುಖ್ಯ.

ಟ್ರಾಸಿಮೀನ್ ಕೆರೆಯ ದಡದಲ್ಲಿ ರೋಮನ್ನರನ್ನು ಮತ್ತೆ ಗೆದ್ದ ಮೇಲೆ ದಂಡನ್ನು ಆಡ್ರಿಯಾಟಿಕ್ ಕಡಲ ಕಡೆ ನಡೆಸಿ ವಿಶ್ರಾಂತಿ ಕೊಟ್ಟ. ಕುದುರೆಗಳಿಗೆ ಕಜ್ಜಿ ಹತ್ತಿತ್ತು. ಆ ಸೀಮೆಯಲ್ಲಿ ಹಳೆಯ ದ್ರಾಕ್ಷಿ ಮದ್ಯ ಬೇಕಾದಷ್ಟು ಸಿಗುತ್ತಿತ್ತು. ಅದರಲ್ಲೇ ಕುದುರೆಗಳ ಮೈ ತೊಳೆಸಿ ವಾಸಿ ಮಾಡಿಸಿದ.

ಇನ್ನು ಕಾನೆ. ಕ್ರಿ.ಪೂ. 216, ಆಗಸ್ಟ್ 2. ಪಾಲಿಬಿಯಸ್ ಲೆಕ್ಕದಲ್ಲಿ ರೋಮನ್ನರ ಕಾಲಾಳು 80,000, ಇವನ ಕಾಲಾಳು 40,000. ದಿಬ್ಬದ ಮೇಲಿಂದ ಆ ಜನಸಾಗರ ನೋಡಿ ಗಿಸ್ಕೊ ಎಂಬ ಅಧಿಕಾರಿ, ಎಷ್ಟೊಂದು ಜನ ಅಂತ ಬೆರಗಾದ. ಇವನು ಬೇರೆ ಗಿಸ್ಕೊ, ಕಾರ್ತೇಜಿನಲ್ಲಿ ಆ ಹೆಸರು ಸಾಮಾನ್ಯ. ಹ್ಯಾನಿಬಲ್ ಮುಖ ಗಂಟು ಹಾಕಿಕೊಂಡೇ, ಇನ್ನೂ ಬೆರಗಿನ ವಿಷಯ ನೀನು ಗಮನಿಸಲಿಲ್ಲ ಅಂದ. ಏನದು? ಅಷ್ಟು ಜನರಲ್ಲಿ ಗಿಸ್ಕೊ ಅನ್ನುವ ಹೆಸರಿನವನು ಒಬ್ಬನೂ ಇಲ್ಲ. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ದಿಬ್ಬ ಇಳಿಯುತ್ತಾ ಸಿಕ್ಕಸಿಕ್ಕವರಿಗೆ ಹೇಳಿ ಮತ್ತೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಇಂಥ ಹೊತ್ತಿನಲ್ಲಿ ನಾಯಕ ನಗಿಸುತ್ತಿದ್ದಾನೆ ಅಂದರೆ ಹೆದರಬೇಕಾಗಿಲ್ಲ ಅಂತ ಸೈನಿಕರಿಗೆ ಧೈರ್ಯ ಬಂತು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ತಂದೆಯ ಕಾಲದ ಬಿಡಾರದಲ್ಲಿ ಬಾಯಿಂದ ಬಾಯಿಗೆ ಹಬ್ಬಿದ್ದು ‘ಹೊಡಿ’. ಮಗನ ದಂಡಿನಲ್ಲಿ ಹಬ್ಬಿದ್ದು ನಗು.

ಆ ದಿನ ಅವನು ಎಲ್ಲಿ ನಿಂತಿದ್ದ ಅನ್ನುವುದನ್ನೂ ನೋಡಬೇಕು. ಕೆಲ್ಟರು, ಐಬೀರಿಯನ್ನರು ನಡುವಿನಲ್ಲಿ. ರೋಮನ್ನರ ಪೂರ್ತಿ ಭಾರ ಅವರ ಮೇಲೇ ಬೀಳಬೇಕು, ಅವರು ನಿಧಾನವಾಗಿ ಹಿಂದೆ ಸರಿಯಬೇಕು, ಆಗ ಅಕ್ಕಪಕ್ಕದ ಲಿಬಿಯನ್ನರು ಎರಡೂ ಕಡೆಯಿಂದ ಮುಚ್ಚಬೇಕು. ಓಡದೆ ಹಿಂದೆ ಸರಿಯುವುದು ಯುದ್ಧದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಹ್ಯಾನಿಬಲ್ ಆ ನಡುವಿನಲ್ಲೇ, ಮಾಗೊ ಜತೆ, ಅವರ ನಡುವೆಯೇ ನಿಂತ. ಅವನ ಕಡೆ ಸತ್ತವರು ಸುಮಾರು 5,700. ಅದರಲ್ಲಿ 4,000 ಕೆಲ್ಟರೇ. ಸಾಯುವ ಜಾಗಕ್ಕೆ ಅವರನ್ನು ಇಟ್ಟವನು ಅವನು, ನಿಜ. ತಾನೂ ಅಲ್ಲೇ ಇದ್ದ ಅನ್ನುವುದೂ ನಿಜ.

ಮುಂದಿನ ಚಳಿಗಾಲ ಇಟಲಿಯ ಕಪುವಾ ಪಟ್ಟಣದಲ್ಲಿ ಕಳೆದು ಆ ದಂಡು ಸುಖಕ್ಕೆ ಕೆಟ್ಟಿತು ಅಂತ ಲಿವಿ ಬರೆದ, ಎಲ್ಲರೂ ಅದನ್ನೇ ಹೇಳುತ್ತಾ ಬಂದರು. ನಾನು ಒಪ್ಪುವುದಿಲ್ಲ. ಸುಖಕ್ಕೆ ಕೆಟ್ಟ ದಂಡು ಮತ್ತೆ 12 ವರ್ಷ ಶತ್ರುವಿನ ನಾಡಿನಲ್ಲಿ ನಿಲ್ಲುತ್ತದೆಯೇ? ಕ್ರಿ.ಪೂ. 215ರಲ್ಲಿ ಲೋಕ್ರಿ ಬಂದರಿಗೆ ಸ್ವಲ್ಪ ಸೈನಿಕರು, ಆನೆಗಳು ಬಂದದ್ದು ಬಿಟ್ಟರೆ ಕಾರ್ತೇಜಿನಿಂದ ಅವನಿಗೆ ಹೆಚ್ಚೇನೂ ಬರಲಿಲ್ಲ. ಕ್ರಿ.ಪೂ. 211ರಲ್ಲಿ ಕಪುವಾ ಅವನ ಕೈತಪ್ಪಿ ಹೋಯಿತು. 207ರಲ್ಲಿ ನೆರವಿಗೆ ಹೊರಟ ಇನ್ನೊಬ್ಬ ತಮ್ಮ ಹಸ್ದ್ರುಬಾಲ್ ಮೆಟೌರಸ್ ನದಿ ದಡದಲ್ಲಿ ಸತ್ತ, ಅವನ ತಲೆಯನ್ನು ರೋಮನ್ನರು ಹ್ಯಾನಿಬಲ್‌ನ ಕಾವಲಿನ ಮುಂದೆ ಎಸೆದರು. ಆಗಲೂ ದಂಡು ಚದುರಲಿಲ್ಲ. ಬಿಟ್ಟು ಹೋದವರು ಇರಲೇ ಇಲ್ಲ ಅಂತಲ್ಲ. ನೋಲಾ ಹತ್ತಿರ 272 ಸವಾರರು, ನುಮಿಡಿಯ ಮತ್ತು ಸ್ಪೇನಿನವರು, ರೋಮ್ ಕಡೆ ಸೇರಿದರು. ಅಂಥವು ಅಲ್ಲಲ್ಲಿ ಆದವು. ಆದರೆ ದಂಗೆ ಆಗಲಿಲ್ಲ.

ಕೊನೆಯ ವರ್ಷಗಳಲ್ಲಿ ಕ್ರೊಟೋನ್ ಹತ್ತಿರದ ಲಾಸಿನಿಯಮ್ ಭೂಶಿರದ ಹೇರಾ ಗುಡಿಯಲ್ಲಿ ಅವನು ಒಂದು ಶಾಸನ ಬರೆಸಿದ. ಕಂಚಿನ ಹಲಗೆ. ಫಿನೀಷಿಯನ್ನರ ಪ್ಯೂನಿಕ್ ಒಂದು, ಗ್ರೀಕ್ ಒಂದು, ಎರಡು ಭಾಷೆ. ನಾನು ಈಗ ಹೇಳಿದ 20,000, 6,000 ಎಂಬ ಸಂಖ್ಯೆಗಳು ಅಲ್ಲಿಯವೇ. ಪಾಲಿಬಿಯಸ್ ಆ ಹಲಗೆಯನ್ನು ಸ್ವತಃ ನೋಡಿ ಬರೆದುಕೊಂಡ. 12,000 ಆಫ್ರಿಕದವರು, 8,000 ಐಬೀರಿಯದವರು ಅಂತ ಬಿಡಿಬಿಡಿಯಾಗಿ ಅದರಲ್ಲಿತ್ತು. ಬೆಟ್ಟ ಇಳಿದ ದಿನ ಎಷ್ಟು ಜನ ಉಳಿದಿದ್ದರು ಅನ್ನುವುದು 13 ವರ್ಷದ ಮೇಲೂ ಅವನಿಗೆ ಲೆಕ್ಕವಿತ್ತು.

ಕ್ರಿ.ಪೂ. 203ರಲ್ಲಿ ಕಾರ್ತೇಜ್ ಅವನನ್ನು ವಾಪಸು ಕರೆಸಿತು. ಸಿಪಿಯೊ ಆಗಲೇ ಆಫ್ರಿಕಕ್ಕೆ ಬಂದಿಳಿದಿದ್ದ. ಮರುವರ್ಷ ಜಾಮಾ ಯುದ್ಧ. ಹ್ಯಾನಿಬಲ್ ದಂಡನ್ನು ಮೂರು ಸಾಲು ಮಾಡಿ, ಮುಂದೆ 80 ಆನೆ ನಿಲ್ಲಿಸಿದ. ಮೊದಲ ಸಾಲಿನಲ್ಲಿ ಹೊಸದಾಗಿ ಸಂಬಳಕ್ಕೆ ಬಂದ ಲಿಗೂರಿಯನ್ನರು, ಕೆಲ್ಟರು, ಬಲಿಯಾರಿಕ್‌ನವರು, ವಾಯವ್ಯ ಆಫ್ರಿಕದ ಮೂರ್ ಜನ. ಎರಡನೆಯದರಲ್ಲಿ ಲಿಬಿಯನ್ನರು, ಕಾರ್ತೇಜಿನ ಜನ. ಎಲ್ಲರ ಹಿಂದೆ, ದೂರದಲ್ಲಿ, ಇಟಲಿಯಿಂದ ತನ್ನ ಜತೆ ಬಂದ ಹಳಬರು. ಯುದ್ಧಕ್ಕೆ ಮುಂಚೆ ಮೊದಲೆರಡು ಸಾಲಿಗೆ ಅವರವರ ನಾಯಕರೇ ಮಾತಾಡಲಿ ಅಂದ. ತಾನು ಹಳಬರ ಬಳಿಗೆ ನಡೆದು ಹೋಗಿ, ಅವರ ನಡುವೆ ಓಡಾಡುತ್ತಾ, ಇಷ್ಟು ವರ್ಷ ಒಟ್ಟಿಗೆ ಇದ್ದದ್ದನ್ನು ನೆನಪಿಸಿದ.

ಕಹಳೆಯ ಸದ್ದಿಗೆ ಬೆದರಿ ಕೆಲವು ಆನೆಗಳು ತಮ್ಮವರ ಮೇಲೇ ತಿರುಗಿದವು. ಮೊದಲ ಸಾಲು ಚೆನ್ನಾಗಿಯೇ ಕಾದಿತು. ರೋಮನ್ನರದು ಒಂದೇ ಕೂಗು, ಇವರದು ಒಬ್ಬೊಬ್ಬರದು ಒಂದೊಂದು ಭಾಷೆಯ ಕೂಗು. ಹಿಂದಿನ ಸಾಲಿನವರು ನೆರವಿಗೆ ಬರಲಿಲ್ಲ. ಇವರು ನಮ್ಮನ್ನು ಬಲಿ ಕೊಟ್ಟರು ಅಂತ ಮೊದಲ ಸಾಲಿನವರು ತಿರುಗಿ ತಮ್ಮದೇ ಎರಡನೇ ಸಾಲಿನ ಮೇಲೆ ಬಿದ್ದರು. ಓಡಿ ಬಂದವರು ಹಳಬರ ಸಾಲಿನೊಳಗೆ ನುಗ್ಗದ ಹಾಗೆ ಈಟಿ ಮುಂದೆ ಮಾಡಿ ಅಂತ ಹ್ಯಾನಿಬಲ್ ಹೇಳಬೇಕಾಯಿತು.

ಹಳಬರ ಸಾಲು ಮಾತ್ರ ಅಲುಗಲಿಲ್ಲ. ಹೆಣಗಳ ಮೇಲೆ, ರಕ್ತದಲ್ಲಿ ಜಾರುತ್ತಾ ಬಂದ ರೋಮನ್ನರಿಗೂ ಅವರಿಗೂ ಬಹಳ ಹೊತ್ತು ಸಮಸಮವಾಗಿ ಕಾಳಗ ನಡೆಯಿತು. ಆಮೇಲೆ ರೋಮ್ ಕಡೆಯ ಕುದುರೆಗಳು ಹಿಂದಿನಿಂದ ಬಂದವು. ಆ ಸವಾರರಲ್ಲಿ ಬಹಳ ಜನ ನುಮಿಡಿಯದವರೇ, ಈಗ ತಮ್ಮ ದೊರೆ ಮಸಿನಿಸ್ಸನ ಜತೆ ರೋಮ್ ಪಕ್ಷದಲ್ಲಿದ್ದರು. ಹ್ಯಾನಿಬಲ್ ಕೆಲವೇ ಸವಾರರ ಜತೆ ಹಾದ್ರುಮೇಟಮ್ ಪಟ್ಟಣ ತಲುಪಿದ. ಅವನ ಹಳಬರಲ್ಲಿ ಹೆಚ್ಚಿನವರು ನಿಂತ ಸಾಲಿನಲ್ಲೇ ಬಿದ್ದರು.